ಅವ್ವಗೆ ಗರ್ಭಚೀಲ ಜಾರಿದೆ. ನನಗೂ ಬರುತ್ತಾ? ಕೊಲಾಜನ್ ಪುಡಿಯಿಂದ ಉಪಯೋಗ ಇದೆಯಾ?

ಬೆಟಗೇರಿ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟು ಕೇಳೋಕೆ ಆಗದ ವಿಷಯ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಅವ್ವಗೆ ಈಗ 61 ವರ್ಷ. ಐದು ಹೆರಿಗೆ, ಐದೂ ಮನೆಯಲ್ಲೇ. ಬಾಣಂತನ ಅಂತ ನೆಟ್ಟಗೆ ಮಲಗಿದ್ದು ಚೊಚ್ಚಲಿಗೆ ಮಾತ್ರವಂತೆ. ಆಮೇಲಿನ ಸಲ ಕೂಸನ್ನ ಅಜ್ಜಿ ಹತ್ತಿರ ಬಿಟ್ಟು ಹತ್ತಿ ಬಿಡಿಸೋಕೆ ಹೋಗಿದ್ದಾಳೆ. ಈ ಸಲ ಪಂಚಮಿಗೆ ತವರಿಗೆ ಹೋದಾಗ ಉಂಡಿ ಕಟ್ಟಿ ಮುಗಿಸಿ ಏಳುವಾಗ ಸೀರೆ ನೆರಿಗೆ ಗಟ್ಟಿ ಒತ್ತಿ ಹಿಡಿದುಕೊಂಡು ಎದ್ದಳು. ಏನಾಯ್ತಬೇ ಅಂದರೆ ಮೊದಲು ಏನಿಲ್ಲ ಅಂದಳು. ರಾತ್ರಿ ಮಲಗಿದ ಮೇಲೆ ಹೇಳಿದಳು. ಮುಂಜಾನೆ ಏನೂ ಇರಲ್ಲ, ಸಂಜೆ ಆದಂಗೆ ಕೆಳಗೆ ಜೋತು ಬೀಳುತ್ತೆ. ಮೂತ್ರಕ್ಕೆ ಕೂತರೆ ಬೆರಳಿಂದ ಒಳಗೆ ಒತ್ತಬೇಕು, ಆಗಲೇ ಸರಾಗ ಆಗೋದು. ಇದು ಒಂದೆರಡು ವರ್ಷದ ಕಥೆ!

ಕರಕೊಂಡು ಹೋಗಿ ತೋರಿಸಿದೆವು. "ಗರ್ಭಚೀಲ ಜಾರಿದೆ, ತೆಗೆಸಿಬಿಡಿ" ಅಂದರು ಡಾಕ್ಟರ್. ಅಷ್ಟಕ್ಕೇ ಮಾತು ಮುಗೀತು. ನನಗೆ ಭಯ ಯಾಕೆ ಅಂದರೆ ನಮ್ಮ ದೊಡ್ಡವ್ವಂದು ಹೀಗೇ ತೆಗೆಸಿದ್ದರು, ಆದರೂ ಕೆಲವು ವರ್ಷಕ್ಕೆ ಮತ್ತೆ ಏನೋ ಹೊರಗೆ ಬಂತು. ಚೀಲವೇ ಇಲ್ಲ ಅಂದಮೇಲೆ ಬಂದಿದ್ದಾದರೂ ಏನು?

ಇನ್ನೊಂದು. ನನಗೂ ತಂಗಿಗೂ ಹೆಬ್ಬೆರಳು ಬಗ್ಗಿಸಿದರೆ ಮುಂಗೈಗೆ ತಾಗುತ್ತೆ. ಸಣ್ಣವರಿದ್ದಾಗ ಶಾಲೆಯಲ್ಲಿ ಎಲ್ಲರಿಗೂ ಮಾಡಿ ತೋರಿಸುತ್ತಿದ್ದೆವು. ಈಗ ಪರಿಚಯದ ಒಬ್ಬರು, ನಿಮ್ಮ ಮನೆತನದಲ್ಲೇ ಕೊಲಾಜನ್ ಕಮ್ಮಿ, ಈ ಪುಡಿ ಹಾಲಲ್ಲಿ ಹಾಕಿ ಕುಡೀರಿ ಅಂತ ಡಬ್ಬಿ ಹಿಡಿದು ಬಂದಿದ್ದಾರೆ. ಬೆಲೆ ಕೇಳಿ ತಲೆ ತಿರುಗಿತು. ನನಗೆ 36, ಎರಡು ಹೆರಿಗೆ, ಎರಡೂ ನಾರ್ಮಲ್. ಇದು ರಕ್ತದಲ್ಲಿ ಬರೋದಾ? ಪುಡಿ ತಿನ್ನಬೇಕಾ? ಅವ್ವಂದು ತೆಗೆಸಲೇಬೇಕಾ? ತಿಳಿದವರು ಹೇಳಿ, ಪುಣ್ಯ ಬರುತ್ತೆ.

ವಿದ್ಯಾನಗರ ಹುಬ್ಬಳ್ಳಿ:

ನಾನು ಆ ಥರದ ಪುಡಿ ತಿಂದಿದ್ದೀನಿ ರೀ, ಕೂದಲು ಉದುರುತ್ತೆ ಅಂತ. ಕೂದಲು ಉದುರೋದು ನಿಲ್ಲಲಿಲ್ಲ, ಡಬ್ಬಿ ಮಾತ್ರ ಚಲೋ ಇತ್ತು, ಅದರಲ್ಲಿ ಈಗ ಶೇಂಗಾ ಚಟ್ನಿ ಹಾಕಿಟ್ಟಿದ್ದೀನಿ. ಗರ್ಭಚೀಲದ ವಿಷಯ ನನಗೆ ಗೊತ್ತಿಲ್ಲ. ನಮ್ಮ ಅತ್ತಿಗೂ ಇದೇ ತ್ರಾಸು ಇದೆ, ಹಾಗಾಗಿ ಯಾರು ಏನು ಹೇಳ್ತಾರೆ ಅಂತ ನಾನೂ ಕಾಯ್ತಿರ್ತೀನಿ.

ಸಾಧನಕೇರಿ ಟೀಚರ್:

ತಂಗಿ, ನಾನು ಧಾರವಾಡದವಳು. ಕಾಲೇಜಲ್ಲಿ ಜೀವರಸಾಯನ ಪಾಠ ಮಾಡ್ತೀನಿ. ಡಾಕ್ಟರ್ ಅಲ್ಲ. ಆದರೆ ಕೊಲಾಜನ್ ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯೋ ವಿಷಯ, ಜಾರಿರೋದು ನನ್ನದೇ ಮೈ. ಹಾಗಾಗಿ ಸ್ವಲ್ಪ ಉದ್ದ ಆದರೂ ಓದು.

ಪುಡಿ ವಿಷಯ ಮೊದಲು ಮುಗಿಸೋಣ. ಕೊಲಾಜನ್ ಒಂದು ಪ್ರೋಟೀನು, ಮೂರು ಎಳೆ ಹೆಣೆದ ಹಗ್ಗದ ಥರ ಇದ್ದು ಮೈಯ ಕಟ್ಟುಗಳಿಗೆ ಗಟ್ಟಿತನ ಕೊಡೋದು. ತಿಂದರೆ ಹೊಟ್ಟೆ, ಸಣ್ಣಕರುಳು ಅದನ್ನ ಕತ್ತರಿಸಿ ಅಮೈನೋ ಆಮ್ಲ ಮಾಡುತ್ತವೆ, ಒಂದಷ್ಟು ಚಿಕ್ಕ ತುಣುಕು ಉಳಿಯುತ್ತೆ. ಬೇಳೆ ತಿಂದರೂ ಮೊಟ್ಟೆ ತಿಂದರೂ ಅದೇ ಗತಿ. ರಕ್ತಕ್ಕೆ ಸೇರಿದ ಮೇಲೆ ಅದು ಗರ್ಭಕೋಶದ ಕಟ್ಟಿಗೇ ಹೋಗಬೇಕು ಅಂತ ಹೇಳುವವರು ಯಾರೂ ಇಲ್ಲ. ಪುಡಿಯಿಂದ ಜಾರಿದ ಗರ್ಭಕೋಶ ಮೇಲೆ ಹೋಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಕೊಲಾಜನ್ ಕಟ್ಟೋಕೆ ಮೈಗೆ ವಿಟಮಿನ್ ಸಿ ಬೇಕು, ಅದು ನಿಜ. ಇಲ್ಲದಿದ್ದರೆ ಮೂರು ಎಳೆಯ ಹೆಣಿಗೆ ಗಟ್ಟಿ ಆಗಲ್ಲ, ಸ್ಕರ್ವಿ ಬಂದವರಿಗೆ ಒಸಡಲ್ಲಿ ರಕ್ತ ಬರೋದು ಅದಕ್ಕೇ. ಆದರೆ ಅದಕ್ಕೆ ಒಂದು ಪೇರಲಹಣ್ಣು ಸಾಕು. ನಮ್ಮ ಧಾರವಾಡದ ಪೇರಲ ಡಬ್ಬಿಗಿಂತ ಎಷ್ಟೋ ಅಗ್ಗ.

ನಿಮ್ಮ ಮನೆತನದಲ್ಲಿ ಕೊಲಾಜನ್ "ಕಮ್ಮಿ" ಅಂತ ಹೇಳಿದ್ದಾರಲ್ಲ, ಅಲ್ಲೇ ಲೆಕ್ಕ ತಪ್ಪಿದ್ದು. ಎಷ್ಟಿದೆ ಅನ್ನೋದಕ್ಕಿಂತ ಯಾವ ಜಾತಿದು, ಹೇಗೆ ಹೆಣೆದಿದೆ, ಹಳೇದು ಹೋಗಿ ಹೊಸದು ಸರಿಯಾಗಿ ಬರ್ತಿದೆಯಾ ಅನ್ನೋದು ಮುಖ್ಯ.

ಹಳೇ ಅಡುಗೆಮನೆಯ ನೆಲುವು ನೋಡಿದ್ದೀಯಲ್ಲ? ತೊಲೆಗೆ ಹಗ್ಗ ಕಟ್ಟಿ ಬೆಣ್ಣೆ ಗಡಿಗೆ ಇಡ್ತಿದ್ದರು. ಗರ್ಭಕೋಶ ಇರೋದೂ ಹಾಗೇ, ಜೊತೆಗೆ ಗಡಿಗೆಯ ಕೆಳಗೆ ಒಂದು ಹಲಗೆ ಇದೆ ಅಂದುಕೋ. ಹಗ್ಗ ಅಂದರೆ ಲಿಗಮೆಂಟು. ಯುಟೆರೋಸೇಕ್ರಲ್ ಅನ್ನೋದು ಹಿಂದೆ ಬೆನ್ನೆಲುಬಿನ ಬುಡಕ್ಕೆ ಎಳೆದು ಕಟ್ಟಿದ್ದು, ಕಾರ್ಡಿನಲ್ ಅನ್ನೋದು ಪಕ್ಕಕ್ಕೆ. ಹಲಗೆ ಅಂದರೆ ಲೆವೇಟರ್ ಏನೈ ಅನ್ನೋ ಸ್ನಾಯು. ದಿನವಿಡೀ ಭಾರ ಹೊರೋದು ಹಲಗೆ. ಹಗ್ಗದ ಕೆಲಸ ಗಡಿಗೆ ಅತ್ತಿತ್ತ ಸರಿಯದ ಹಾಗೆ ಹಿಡಿಯೋದು. ಹೆರಿಗೆಯಲ್ಲಿ ಈ ಸ್ನಾಯು ಸಿಕ್ಕಾಪಟ್ಟೆ ಹಿಗ್ಗುತ್ತೆ. ಕೆಲವರಲ್ಲಿ ಮೂಳೆಯಿಂದಲೇ ಕಿತ್ತು ಬರುತ್ತೆ, ಕೂಸನ್ನ ಎಳೆಯೋ ಇಕ್ಕಳ, ಅದೇ ಫೋರ್ಸೆಪ್ಸ್, ಹಾಕಿದ್ದರೆ ಇನ್ನೂ ಜಾಸ್ತಿ. ಹಲಗೆ ಸಡಿಲ ಆಯ್ತು ಅಂದರೆ ಪೂರ್ತಿ ಭಾರ ಹಗ್ಗದ ಮೇಲೆ. ಹಗ್ಗ ಒಂದೇ ದಿನಕ್ಕೆ ಹರಿಯಲ್ಲ, ವರ್ಷಾನುಗಟ್ಟಲೆ ಜಗ್ಗಿ ಜಗ್ಗಿ ಉದ್ದ ಆಗುತ್ತೆ. ನಿಮ್ಮ ಅವ್ವ 25ರಲ್ಲಿ ಹೆತ್ತಿದ್ದಕ್ಕೆ 60ರಲ್ಲಿ ತ್ರಾಸು ಬಂದಿದ್ದು ಹೀಗೆ.

ಆ ಹಗ್ಗದಲ್ಲಿ ಎರಡು ಜಾತಿ ಕೊಲಾಜನ್ ಮುಖ್ಯ. ಒಂದನೇ ಟೈಪು ದಪ್ಪ, ಗಟ್ಟಿ. ಮೂರನೇ ಟೈಪು ತೆಳು, ಬಾಗುತ್ತೆ. ಜಾರಿದವರ ಲಿಗಮೆಂಟು ತೆಗೆದು ನೋಡಿದಾಗ ಹಲವು ಕಡೆ ಮೂರನೇ ಟೈಪಿನ ಪಾಲು ಜಾಸ್ತಿ ಕಂಡಿದೆ. ಹಳೇ ಕೊಲಾಜನ್ ಕತ್ತರಿಸೋ ಎಂಎಂಪಿ ಅನ್ನೋ ಕಿಣ್ವಗಳೂ ಜಾಸ್ತಿ ಇರುತ್ತವೆ. ಇಲ್ಲಿ ಒಂದು ತಕರಾರು ಇದೆ, ನನ್ನ ವಿದ್ಯಾರ್ಥಿಗಳಿಗೂ ಹೇಳ್ತಿರ್ತೀನಿ: ಅದು ಬದಲಾದ್ದರಿಂದ ಜಾರಿತೋ, ಜಾರಿ ಜಗ್ಗಿದ್ದಕ್ಕೆ ಅದು ಬದಲಾಯ್ತೋ? ಜಾರಿದ ಮೇಲೆ ತೆಗೆದ ತುಂಡು ನೋಡಿ ಇದನ್ನ ಹೇಳೋಕಾಗಲ್ಲ.

ಅದಕ್ಕೇ ಇಲಿಗಳ ಮೇಲಿನ ಕೆಲಸ ನನಗೆ ಇಷ್ಟ. ಕೊಲಾಜನ್ ಜೊತೆ ಎಲಾಸ್ಟಿನ್ ಅಂತ ಇನ್ನೊಂದು ಪ್ರೋಟೀನು ಇದೆ, ಹಿಗ್ಗಿ ಮತ್ತೆ ಮೊದಲಿನ ಹಾಗೆ ಆಗೋದು ಇದರಿಂದ. ಶ್ವಾಸಕೋಶ, ರಕ್ತನಾಳ ಇಂಥ ಕಡೆ ಎಲಾಸ್ಟಿನ್ ಚಿಕ್ಕಂದಿನಲ್ಲೇ ತಯಾರಾಗಿ ಮುಗಿಯುತ್ತೆ. ಗರ್ಭಕೋಶ, ಯೋನಿಯಲ್ಲಿ ಹಾಗಲ್ಲ. ಬಸಿರಲ್ಲಿ ಅದು ಒಡೆದು ಸಡಿಲ ಆಗುತ್ತೆ, ಹೆತ್ತ ಮೇಲೆ ಹೊಸದಾಗಿ ಕಟ್ಟಬೇಕು. ಹಾಗೆ ಕಟ್ಟೋಕೆ ಎಲ್‌ಒಎಕ್ಸ್‌ಎಲ್-1 ಅನ್ನೋ ಕಿಣ್ವ ಬೇಕು. ಆ ಜೀನ್ ತೆಗೆದ ಹೆಣ್ಣಿಲಿಗಳಿಗೆ ಮರಿ ಹಾಕಿದ ಮೇಲೆ ಮೈ ಜಾರಿತು ಅಂತ 2004ರಲ್ಲಿ ಪ್ರಕಟ ಆಯ್ತು. 2007ರಲ್ಲಿ ಫೈಬ್ಯುಲಿನ್-5 ಅನ್ನೋ ಪ್ರೋಟೀನು ಇಲ್ಲದ ಇಲಿಗಳದ್ದು ಬಂತು, ಅವಕ್ಕೆ ಮರಿ ಹಾಕದಿದ್ದರೂ ವಯಸ್ಸಾದಂತೆ ಜಾರಿತು. ಅಂದರೆ ರಿಪೇರಿ ಕೆಲಸವೇ ಕೆಟ್ಟರೆ ಜಾರುತ್ತೆ, ಇಲಿಯಲ್ಲಂತೂ ಇದು ಖಾತ್ರಿ. ಹೆಣ್ಣುಮಕ್ಕಳಲ್ಲಿ ಇಂಥ ಒಂದೇ ಜೀನ್ ಅಂತ ಬೆರಳು ತೋರಿಸೋಕಾಗಲ್ಲ, ಹತ್ತಾರು ಸೇರಿ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತವೆ.

ಹೀಗಾಗಿ ರಕ್ತದಲ್ಲಿ ಬರುತ್ತಾ ಅಂದರೆ, ಹೌದು, ಒಂದು ಪಾಲು. ತಾಯಿಗೋ ಅಕ್ಕತಂಗಿಗೋ ಇದ್ದರೆ ನಮಗೆ ಬರೋ ಸಂಭವ ಸುಮಾರು ಎರಡೂವರೆ ಪಟ್ಟು. ಸ್ವೀಡನ್ನಿನಲ್ಲಿ ಅವಳಿ ಹೆಣ್ಣುಮಕ್ಕಳನ್ನ ನೋಡಿ ಮಾಡಿದ ಲೆಕ್ಕದಲ್ಲಿ ಹುಟ್ಟಿನ ಪಾಲು ಹತ್ತಿರ ಹತ್ತಿರ 40 ಪ್ರತಿಶತ ಬಂತು. ಉಳಿದದ್ದು ಹೆರಿಗೆ, ಭಾರ, ಕೆಮ್ಮು, ಮಲಬದ್ಧತೆ, ಮೈತೂಕ, ವಯಸ್ಸು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹಾರ್ಮೋನು ಇಳಿಯುತ್ತೆ, ಆಗ ಆ ಭಾಗದ ಚರ್ಮ ತೆಳು ಆಗುತ್ತೆ, ಹೊಸ ಕೊಲಾಜನ್ ಕಟ್ಟೋದೂ ನಿಧಾನ ಆಗುತ್ತೆ.

ನಿನ್ನ ಹೆಬ್ಬೆರಳಿನ ಮಾತಿಗೆ ಬರ್ತೀನಿ. ಡಾಕ್ಟರುಗಳು ಬೈಟನ್ ಅಂಕ ಅಂತ 9ಕ್ಕೆ ಲೆಕ್ಕ ಹಾಕ್ತಾರೆ. ಎರಡೂ ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತಾ, ಎರಡೂ ಹೆಬ್ಬೆರಳು ಮುಂಗೈಗೆ ತಾಗುತ್ತಾ, ಮೊಣಕೈ, ಮೊಣಕಾಲು ಹಿಂದಕ್ಕೆ ಬಾಗುತ್ತಾ, ಮೊಣಕಾಲು ಬಗ್ಗಿಸದೆ ಅಂಗೈ ಪೂರ್ತಿ ನೆಲಕ್ಕೆ ಇಡೋಕಾಗುತ್ತಾ ಅಂತ. ಹೆಬ್ಬೆರಳು ಮಾತ್ರ ಬಾಗಿದರೆ ತಲೆ ಕೆಡಿಸಿಕೊಳ್ಳಬೇಡ. ಅಂಕ 5 ಅಥವಾ ಜಾಸ್ತಿ ಬಂದು, ಜೊತೆಗೆ ಕೀಲು ಆಗಾಗ ತಪ್ಪೋದು, ಸುಮ್ನೆ ತಾಗಿದರೂ ನೀಲಿಗಟ್ಟೋದು, ಗಾಯದ ಕಲೆ ಅಗಲ ಆಗಿ ತೆಳು ಕಾಗದದ ಥರ ಉಳಿಯೋದು ಇದ್ದರೆ ತೋರಿಸು. ಏಲರ್ಸ್-ಡ್ಯಾನ್ಲೋಸ್ ಅಂತ ಮೈಯ ಕಟ್ಟುಗಳೇ ಹುಟ್ಟಿನಿಂದ ಸಡಿಲ ಇರೋ ಒಂದು ಕಾಯಿಲೆ ಇದೆ, ಅದಿದ್ದವರಿಗೆ ಚಿಕ್ಕ ವಯಸ್ಸಲ್ಲೇ ಜಾರೋದುಂಟು.

ಇನ್ನು ದೊಡ್ಡವ್ವಂದು. ಗರ್ಭಚೀಲ ಏನೂ ತಪ್ಪು ಮಾಡಿಲ್ಲ, ಪಾಪ. ಹಗ್ಗ ಸಡಿಲ ಆಗಿದ್ದಕ್ಕೆ ಗಡಿಗೆ ತೆಗೆದರೆ ಹಗ್ಗ ಗಟ್ಟಿ ಆಗುತ್ತಾ? ಚೀಲ ತೆಗೆದ ಮೇಲೆ ಯೋನಿಯ ಮೇಲ್ತುದಿ ಉಳಿಯುತ್ತೆ, ಅದನ್ನ ಗಟ್ಟಿ ಲಿಗಮೆಂಟಿಗೆ ಕಟ್ಟಬೇಕು. ಕಟ್ಟದಿದ್ದರೆ, ಅಥವಾ ಕಟ್ಟಿದ್ದು ಸಡಿಲ ಆದರೆ, ಆ ತುದಿಯೇ ಕೆಳಗೆ ಬರುತ್ತೆ. ಅದಕ್ಕೆ ವಾಲ್ಟ್ ಪ್ರೊಲ್ಯಾಪ್ಸ್ ಅಂತಾರೆ. ಮುಂದುಗಡೆ ಮೂತ್ರಚೀಲ, ಹಿಂದುಗಡೆ ಗುದದ ಭಾಗ ಕೂಡ ಉಬ್ಬಿ ಬರಬಹುದು. ದೊಡ್ಡವ್ವಗೆ ಬಂದಿದ್ದು ಇವುಗಳಲ್ಲಿ ಒಂದು ಇರಬೇಕು. ಆಪರೇಷನ್ನೇ ಬೇಡ ಅಂತ ನಾನು ಹೇಳ್ತಿಲ್ಲ. ಮಾಡಿಸೋ ಮುಂಚೆ ಒಂದು ಪ್ರಶ್ನೆ ಕೇಳು: "ತೆಗೆದ ಮೇಲೆ ಮೇಲ್ತುದಿಯನ್ನ ಯಾವುದಕ್ಕೆ ಕಟ್ಟುತ್ತೀರಿ ಡಾಕ್ಟ್ರೇ?" ನೆಟ್ಟಗೆ ಉತ್ತರ ಬಂದರೆ ಮುಂದಿನ ಮಾತು. ಕೆಳಗಿನಿಂದ ಜಾಲರಿ, ಅದೇ ಮೆಶ್, ಹಾಕ್ತೀವಿ ಅಂದರೆ ಇನ್ನೊಬ್ಬರ ಅಭಿಪ್ರಾಯ ತಗೋ. ಯೋನಿ ಮೂಲಕ ಹಾಕೋ ಆ ಮೆಶ್ ಮಾರಾಟವನ್ನ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ನಿಲ್ಲಿಸಿದೆ.

ನಾನು ಆಪರೇಷನ್ ಮಾಡಿಸಿಲ್ಲ. ರಿಂಗು ಹಾಕ್ಕೊಂಡು ಪಾಠ ಮಾಡ್ತೀನಿ, ಕೆಲಗೇರಿ ಕೆರೆ ಸುತ್ತ ವಾಕಿಂಗ್ ಹೋಗ್ತೀನಿ.

ಹಾವೇರಿ ಸಿಸ್ಟರ್, ನಿವೃತ್ತಿ:

ಟೀಚರಮ್ಮ ರಿಂಗು ಅಂತ ಹೇಳಿ ನಿಲ್ಲಿಸಿಬಿಟ್ಟರು, ಅಲ್ಲಿಂದ ಮುಂದೆ ನಾನು ಹೇಳ್ತೀನಿ. ಹೆರಿಗೆ ವಾರ್ಡಿನಲ್ಲಿ, ಒಪಿಡಿಯಲ್ಲಿ ಜೀವನ ಸವೆಸಿದವಳು ನಾನು.

ಅದರ ಹೆಸರು ಪೆಸರಿ. ಬಳೆ ಆಕಾರದ್ದು, ಸಿಲಿಕಾನ್‌ದು. ನಾವು ಕೆಲಸಕ್ಕೆ ಸೇರಿದಾಗ ಬಿಳಿ ಪಿವಿಸಿ ರಿಂಗು ಇತ್ತು, ಬಿರುಸು. ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಹಾಕಬೇಕಿತ್ತು. ಸಿಲಿಕಾನ್ ಹಾಗಲ್ಲ, ಎರಡು ಬೆರಳಲ್ಲಿ ಹಿಡಿದರೆ ಮಡಚುತ್ತೆ. ತುದಿಗೆ ಸ್ವಲ್ಪ ಜೆಲ್ಲಿ ಹಚ್ಚಿ, ಒಂದು ಕಾಲು ಸ್ಟೂಲಿನ ಮೇಲಿಟ್ಟು, ಹಿಂದಕ್ಕೆ ಬೆನ್ನಿನ ಕಡೆ ತಳ್ಳಬೇಕು. ಒಳಗೆ ಹೋದ ಮೇಲೆ ಅದು ತಾನೇ ಬಿಚ್ಚಿಕೊಳ್ಳುತ್ತೆ. ರಿಂಗಿಗೂ ಗೋಡೆಗೂ ನಡುವೆ ಒಂದು ಬೆರಳು ಆಡಬೇಕು. ಬೆರಳು ಹೋಗದಿದ್ದರೆ ಸೈಜು ದೊಡ್ಡದು. ಹಾಕಿದ ಮೇಲೆ ಸೀದಾ ಮನೆಗೆ ಕಳಿಸಬಾರದು. ನಾನು ಕಾರಿಡಾರಿನಲ್ಲಿ ನಡೆಸ್ತಿದ್ದೆ, ಕೆಮ್ಮಿಸ್ತಿದ್ದೆ, ಕೂತು ಏಳಿಸ್ತಿದ್ದೆ, ಮೂತ್ರ ಮಾಡಿ ಬರೋಕೆ ಹೇಳ್ತಿದ್ದೆ. ಇಷ್ಟಕ್ಕೂ ಬೀಳಲಿಲ್ಲ, ನೋವಿಲ್ಲ, ಮೂತ್ರ ಆಯ್ತು ಅಂದರೆ ಸೈಜು ಸರಿ ಇದೆ.

ಸರಿಯಾಗಿ ಕೂತರೆ ಒಳಗಿದೆ ಅಂತಲೇ ಗೊತ್ತಾಗಲ್ಲ. ತಾವೇ ತೆಗೆದು ಹಾಕೋಕೆ ಕಲಿತವರು ರಾತ್ರಿ ತೆಗೆದು ಸೋಪು ನೀರಲ್ಲಿ ತೊಳೆದಿಡಬಹುದು. ಕಲಿಯೋಕೆ ಆಗದ ಹಿರಿಯರು ಮೂರು ತಿಂಗಳಿಗೋ ಆರು ತಿಂಗಳಿಗೋ ಬಂದು ತೆಗೆಸಿ, ತೊಳೆಸಿ, ಹಾಕಿಸಿಕೊಂಡು ಹೋಗಬೇಕು. ಹಾಕಿಸಿ ಮರೆತುಬಿಡೋದು ಮಾತ್ರ ಬೇಡ. ವರ್ಷಗಟ್ಟಲೆ ಒಳಗೇ ಬಿಟ್ಟು ಹುಣ್ಣಾಗಿ ಬಂದವರನ್ನ ನೋಡಿದ್ದೀನಿ. ಮುಟ್ಟು ನಿಂತವರಿಗೆ ಒಳಗೆ ಒಣಗಿರುತ್ತೆ, ಡಾಕ್ಟರ್ ಈಸ್ಟ್ರೋಜನ್ ಕ್ರೀಮು ಬರೆದುಕೊಟ್ಟರೆ ಉರಿ ಕಮ್ಮಿ. ಆ ಕ್ರೀಮಿನಿಂದ ಜಾರಿದ್ದು ಮೇಲೆ ಹೋಗಲ್ಲ, ಅದೂ ಗೊತ್ತಿರಲಿ.

ಬೆಟಗೇರಿ ತಂಗಿ, ಅವ್ವಗೆ ಹೊರಗೆ ಬಂದಿರೋ ಭಾಗ ಸೀರೆಗೆ ಉಜ್ಜಿ ಹುಣ್ಣಾಗಿದೆಯಾ ನೋಡಿಸು. ಆಗಿದ್ದರೆ ಮೊದಲು ಅದು ಮಾಯಬೇಕು. ಆಕ್ರಿಫ್ಲಾವಿನ್-ಗ್ಲಿಸರಿನ್ ಹಚ್ಚಿದ ಬಟ್ಟೆ ಇಟ್ಟು ಒಳಗೆ ಸರಿಸಿ ಪ್ಯಾಕ್ ಮಾಡ್ತಾರೆ, ಮೈಗೆ ಹಳದಿ ಹತ್ತುತ್ತೆ, ಗಾಬರಿ ಬೇಡ. ಮುಟ್ಟು ನಿಂತ ಮೇಲೆ ಹನಿ ರಕ್ತ ಕಂಡರೂ, ಮೂತ್ರ ಪೂರ್ತಿ ಕಟ್ಟಿದರೂ, ವಾಸನೆ ಬಿಳುಪು ಹೋದರೂ ತಡ ಮಾಡದೆ ಹೋಗಬೇಕು.

ಬೆಟಗೇರಿ ಮಗಳು:

ಅಕ್ಕಾರೇ, ಸಿಸ್ಟರ್, ಇಬ್ಬರಿಗೂ ಕೈ ಮುಗೀತೀನಿ. ರಿಂಗು ಅಂತ ಒಂದಿದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಅವ್ವಗೆ ಓದಿ ಹೇಳಿದೆ. "ಬಳಿ ಕೈಗೆ ಹಾಕ್ಕೋಬೇಕು, ಎಲ್ಲೆಲ್ಲೋ ಹಾಕ್ಕೊಂಡು ಏನ್ ಮಾಡ್ಲಿ" ಅಂತ ನಕ್ಕಳು. ಆದರೂ ಬರ್ತೀನಿ ಅಂದಿದ್ದಾಳೆ. ನನ್ನ ಬಗ್ಗೆ ಇನ್ನೊಂದು ಕೇಳಬೇಕಿತ್ತು. ನನಗೆ ಈಗ ಏನೂ ತ್ರಾಸು ಇಲ್ಲ, ಜೋರಾಗಿ ಸೀನಿದರೆ ಮಾತ್ರ ಒಂದೆರಡು ಹನಿ. ಈಗಿಂದಲೇ ಏನು ಮಾಡಲಿ? ಕೊಡ ಎತ್ತಬಾರದಾ? ರೊಟ್ಟಿ ಬಡಿಯೋಕೆ ಕುಕ್ಕರುಗಾಲಲ್ಲಿ ಕೂರಬಾರದಾ?

ಸಾಧನಕೇರಿ ಟೀಚರ್:

ರೊಟ್ಟಿ ಬಡಿ, ಅದರಿಂದ ಏನೂ ಆಗಲ್ಲ. ತೊಂದರೆ ಬರೋದು ಉಸಿರು ಹಿಡಿದು ಮುಕ್ಕುವಾಗ, ಅದು ಚೀಲ ಎತ್ತುವಾಗ ಇರಲಿ, ಸಂಡಾಸಿನಲ್ಲಿ ಇರಲಿ. ಕೊಡ ಎತ್ತುವಾಗ ಉಸಿರು ಬಿಡುತ್ತಾ ಎತ್ತು. ಮಲಬದ್ಧತೆ ಇದ್ದರೆ ಅದನ್ನ ಮೊದಲು ಸರಿ ಮಾಡು. ಹಳೇ ಕೆಮ್ಮು ಇದ್ದರೆ ಅದನ್ನೂ.

ಹಗ್ಗವನ್ನ ನಾವು ಗಟ್ಟಿ ಮಾಡೋಕಾಗಲ್ಲ, ಹಲಗೆಯನ್ನ ಮಾಡಬಹುದು. ಕೀಗಲ್ ವ್ಯಾಯಾಮ ಅಂತ ಕೇಳಿರ್ತೀಯ. ನಾಲ್ಕು ಮಂದಿ ನಡುವೆ ಗಾಳಿ ತಡೆಯೋ ಹೊತ್ತಲ್ಲಿ ಏನು ಬಿಗಿ ಹಿಡೀತೀಯೋ ಅದನ್ನೇ ಬಿಗಿ ಹಿಡಿದು ಮೇಲಕ್ಕೆ ಎಳಿ. ಹೊಟ್ಟೆ, ತೊಡೆ ಸಡಿಲ ಇರಲಿ, ಉಸಿರಾಡ್ತಾ ಇರು. ಒಮ್ಮೆಗೆ ಎಂಟು, ದಿನಕ್ಕೆ ಮೂರು ಹೊತ್ತು. ಸೀನು ಬರೋ ಮುಂಚೆ, ಕೊಡ ಎತ್ತೋ ಮುಂಚೆ ಒಮ್ಮೆ ಬಿಗಿ ಹಿಡಿಯೋದು ಅಭ್ಯಾಸ ಮಾಡ್ಕೋ. ಬಹಳ ಜನ ಮೇಲಕ್ಕೆ ಎಳೆಯೋ ಬದಲು ಕೆಳಗೆ ತಳ್ಳುತ್ತಾರೆ, ಆಗ ಉಲ್ಟಾ ಆಗುತ್ತೆ. ಒಂದು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಸರಿಯಾಗಿ ಮಾಡ್ತಿದ್ದೀನಾ ಅಂತ ನೋಡಿಸ್ಕೋ. ನಾಲ್ಕು ತಿಂಗಳು ಬಿಡದೆ ಮಾಡಿದ ಮೇಲೆ ಮಾತಾಡೋಣ. ಈಗಾಗಲೇ ಜಾರಿದವರಿಗೂ ಇದರಿಂದ ತ್ರಾಸು ಕಮ್ಮಿ ಆಗುತ್ತೆ ಅಂತ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ದೊಡ್ಡ ಪ್ರಯೋಗವೇ ಬಂದಿದೆ. ಪೂರ್ತಿ ಹೊರಗೆ ಬಂದಿದ್ದಕ್ಕೆ ಇದೊಂದೇ ಸಾಲಲ್ಲ.

ಲಕ್ಷ್ಮೇಶ್ವರದವ:

ಗಂಡಸು ನಡುವೆ ಬಂದೆ, ಕ್ಷಮಿಸ್ರಿ. ನನ್ನ ಹೆಂಡತಿಗೆ 27. ಒಂದೇ ಮಗು. ಅವಳಿಗೂ ಜಾರಿದೆ ಅಂದರು. ಮನೆಯಲ್ಲಿ ಹಿರಿಯರು ತೆಗೆಸಿಬಿಡು ಅಂತಿದ್ದಾರೆ. ನಮಗೆ ಇನ್ನೊಂದು ಮಗು ಬೇಕು. ದಾರಿ ಇದೆಯಾ?

ಸಾಧನಕೇರಿ ಟೀಚರ್:

ನೀವು ಕೇಳಿದ್ದೇ ಚಲೋ ಆಯ್ತು ತಮ್ಮಾ. 27ಕ್ಕೆ ತೆಗೆಸೋ ಮಾತೇ ಬೇಡ. ಗರ್ಭಕೋಶ ಉಳಿಸಿ ಮೇಲಕ್ಕೆ ಎತ್ತಿ ಕಟ್ಟೋ ಆಪರೇಷನ್‌ಗಳಿವೆ. ಶಿರೋಡ್ಕರ್ ಸ್ಲಿಂಗ್ ಅಂತ ಒಂದು. ಗರ್ಭಕೋಶದ ಬಾಯಿಯ ಹಿಂಭಾಗಕ್ಕೆ ಟೇಪು ಹೊಲಿದು ಬೆನ್ನೆಲುಬಿನ ಬುಡಕ್ಕೆ ಕಟ್ಟೋದು. ಸೋತ ಹಗ್ಗದ ಜಾಗಕ್ಕೆ ಮೈಯೊಳಗಿನ ಕೊಲಾಜನ್ ನಂಬದೆ ಹೊರಗಿನ ಹಗ್ಗ ಹಾಕೋದು, ಅಷ್ಟೇ. ಪುರಂದರೆ ಅನ್ನೋ ಮುಂಬಯಿ ಡಾಕ್ಟರದ್ದೂ ಒಂದು ವಿಧಾನ ಇದೆ, ಅದು ಮುಂದುಗಡೆ ಹೊಟ್ಟೆಯ ಗೋಡೆಗೆ ಕಟ್ಟೋದು. ಅಂದಹಾಗೆ ಈ ಶಿರೋಡ್ಕರ್ ಶಿರೋಡೆಯಲ್ಲಿ ಹುಟ್ಟಿ ಶಾಲೆ ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಆಮೇಲೆ ಮುಂಬಯಿಗೆ ಹೋಗಿ ಹೆಸರು ಮಾಡಿದರು. ನಮ್ಮೂರಿನವರಿಗೇ ಗೊತ್ತಿಲ್ಲ! ಆದರೆ ಆಪರೇಷನ್‌ಗೆ ಅವಸರ ಬೇಡ. ಎಷ್ಟು ಜಾರಿದೆ ಅಂತ ಗ್ರೇಡು ಕೇಳಿ, ನಾಲ್ಕರವರೆಗೆ ಇರುತ್ತೆ. ಒಂದು ಎರಡು ಇದ್ದರೆ ವ್ಯಾಯಾಮ, ರಿಂಗು ಇಷ್ಟರಲ್ಲೇ ಮಗು ಆಗೋವರೆಗೆ ಸಾಗಿಸಬಹುದು.

ಹಾವೇರಿ ಸಿಸ್ಟರ್, ನಿವೃತ್ತಿ:

ಲಕ್ಷ್ಮೇಶ್ವರದ ತಮ್ಮಾ, ಹೆಂಡತಿ ಜೊತೆ ನೀವೇ ಹೋಗ್ರಿ, ಹಿರಿಯರನ್ನ ಕಳಿಸಬೇಡ್ರಿ. ಪ್ರಶ್ನೆ ಅವಳೇ ಕೇಳಲಿ. ಬಿಪಿಎಲ್ ಕಾರ್ಡು, ಆಧಾರ್ ತಗೊಂಡು ಹೋಗ್ರಿ. ಆಪರೇಷನ್ ಅಂತ ಆದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬರುತ್ತಾ ಅಂತ ಅಲ್ಲೇ ಕೌಂಟರಿನಲ್ಲಿ ಕೇಳಬೇಕು.

ಬೆಟಗೇರಿ ತಂಗಿಗೂ ಒಂದು ಮಾತು. ಒಪಿಡಿ ಇರೋದು ಮುಂಜಾನೆ. ಅವ್ವ ರಾತ್ರಿಯೆಲ್ಲ ಮಲಗಿ ಎದ್ದು ಬಂದಿರ್ತಾಳೆ, ಟೇಬಲ್ ಮೇಲೆ ಮಲಗಿಸಿ ನೋಡಿದರೆ ಅರ್ಧಕ್ಕರ್ಧ ಒಳಗೇ ಹೋಗಿರುತ್ತೆ. "ಸಂಜೆ ಇದಕ್ಕಿಂತ ಜಾಸ್ತಿ ಬರುತ್ತೆ, ಕೆಮ್ಮಿಸಿ ನೋಡ್ರಿ, ನಿಲ್ಲಿಸಿ ನೋಡ್ರಿ" ಅಂತ ನೀನೇ ಹೇಳಬೇಕು. ಬೆರಳಿಂದ ಒತ್ತಿ ಮೂತ್ರ ಮಾಡ್ತಾಳೆ ಅನ್ನೋದನ್ನೂ ಹೇಳು, ಅವ್ವ ತಾನಾಗಿ ಹೇಳಲ್ಲ.

ಬೆಟಗೇರಿ ಮಗಳು:

ಹೇಳ್ತೀನಿ ಸಿಸ್ಟರ್. ಸೋಮವಾರ ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಕರಕೊಂಡು ಹೋಗ್ತಿದ್ದೀನಿ, ತಂಗಿಯೂ ಬರ್ತಾಳೆ. ಪುಡಿ ಡಬ್ಬಿ ವಾಪಸ್ ಕೊಟ್ಟೆ. ಅವರು ಮುಖ ಊದಿಸಿಕೊಂಡಿದ್ದಾರೆ.